ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ

ಭಾಷಾಂತರದ ಅಭ್ಯಾಸಕ್ಕೆಂದು ನಾನು ಕೊಟ್ಟಿದ್ದ ಒಂದು ಇಂಗ್ಲಿಷ್ ಗದ್ಯಭಾಗದಲ್ಲಿ ಮನೆಯ ಯಜಮಾನ ಸಾಲ ಮಾಡಿ ಊರು ಬಿಟ್ಟು ಹೋದ ಕಥೆಯಿತ್ತು. ಅವನ ಹೆಂಡತಿ ಮಕ್ಕಳು 'ಹೈ ಅಂಡ್ ಡ್ರೈ' ಆಗಿ ಉಳಿದರೆಂದು ಲೇಖಕನು ಬರೆದಿದ್ದನು. ಇದನ್ನು ನನ್ನ ವಿದ್ಯಾರ್ಥಿಯೊಬ್ಬನು ಹೀಗೆ ಕನ್ನಡಿಸಿದ್ದ: "ಆ ಕುಟುಂಬವು ಎತ್ತರದಲ್ಲಿಯೂ ಒಣಗಿಯೂ ಇತ್ತು." ಓದಿದೊಡನೆ ನಗು ಬಂದದ್ದು ನಿಜ. ಆದರೆ ಕೆಂಪು ಮಸಿಯ ಲೇಖನಿಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ನಗು ಮಾಯವಾಯಿತು. ಆ ಹುಡುಗನ ಮನೆ ಕಾರವಾರದ ಕೋಡಿಬಾಗದಲ್ಲಿ, ಕಾಳಿನದಿಯು ಕಡಲನ್ನು ಕೂಡುವ ಅಳಿವೆಯ ಮಗ್ಗುಲಲ್ಲಿದೆ. ಅವನ ತಂದೆ ಮೀನುಗಾರ. ಆ ಇಂಗ್ಲಿಷ್ ನುಡಿಗಟ್ಟಿನ ಅರ್ಥವನ್ನು ಇಡೀ ತರಗತಿಯಲ್ಲಿ ಯಾರಾದರೂ ಕಣ್ಣಾರೆ ಕಂಡಿದ್ದರೆ ಅದು ಅವನೊಬ್ಬನೇ.

ಅಂದು ಸಂಜೆ ಅವನನ್ನು ಕರೆದುಕೊಂಡು ಅಳಿವೆಯ ಕಡೆಗೆ ನಡೆದೆ. ಇಳಿತದ ಹೊತ್ತು. ನೀರು ಹಿಂದೆ ಸರಿದು ಮರಳಿನ ದಿಬ್ಬ ಎದ್ದು ಕಾಣುತ್ತಿತ್ತು. ಉಬ್ಬರದಲ್ಲಿ ತಂದು ಕಟ್ಟಿದ್ದ ಒಂದು ಪಾತಿ ದೋಣಿ ಆ ದಿಬ್ಬದ ಮೇಲೆ ಓರೆಯಾಗಿ ಕುಳಿತಿತ್ತು. ಅದರ ಹೊಟ್ಟೆಯ ಕೆಳಗೆ ಒಂದು ಹನಿ ನೀರಿರಲಿಲ್ಲ. "ಈಗ ಇದನ್ನು ಕಡಲಿಗೆ ಇಳಿಸಬಹುದೇ?" ಎಂದು ಕೇಳಿದೆ. "ಈಗ ಹೇಗೆ ಆಗ್ತದೆ ಸರ್? ನೀರು ಏರೂವರೆಗೆ ಕಾಯಲೇಬೇಕು," ಎಂದ. "ಈ ದೋಣಿಯ ಸ್ಥಿತಿಗೆ ಇಂಗ್ಲಿಷ್ ನಾವಿಕರು ಇಟ್ಟ ಹೆಸರೇ ಹೈ ಅಂಡ್ ಡ್ರೈ. ನೀನು ಕನ್ನಡಿಸಿದ್ದು ಇದನ್ನೇ," ಎಂದೆ. ಅವನು ದೋಣಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಇದು ದೋಣಿಯ ಮಾತು ಹೌದಾ ಸರ್? ಹಾಗಂತ ಯಾರೂ ಹೇಳಲೇ ಇಲ್ಲ."

ಯಾರೂ ಹೇಳಲಿಲ್ಲ. ಆ 'ಯಾರೂ' ಎಂಬುದರಲ್ಲಿ ನಾನೂ ಸೇರಿದ್ದೇನೆ. ನಮ್ಮ ಶಾಲೆ ಕಾಲೇಜುಗಳಲ್ಲಿ ಇಂಗ್ಲಿಷಿನ ಅಲಂಕಾರಗಳನ್ನೂ ನುಡಿಗಟ್ಟುಗಳನ್ನೂ ಕಲಿಸುವ ಕ್ರಮದ ಬಗ್ಗೆ ಎರಡು ಮಾತು ಹೇಳಬೇಕೆಂದು ಅಂದೇ ಅನ್ನಿಸಿತು. ಕನ್ನಡ ಅಧ್ಯಾಪಕನಿಗೆ ಇಂಗ್ಲಿಷಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಇದು ಇಂಗ್ಲಿಷಿನ ಗೊಡವೆ ಮಾತ್ರವಲ್ಲ, ಕನ್ನಡದ ಗೊಡವೆಯೂ ಹೌದು. ತನ್ನ ಮಾತಿನಲ್ಲಿರುವ ಉಪಮೆ ರೂಪಕಗಳನ್ನು ಗುರುತಿಸಲಾರದವನು ಪರಭಾಷೆಯ ಉಪಮೆ ರೂಪಕಗಳನ್ನು ಬಾಯಿಪಾಠ ಮಾಡಬಲ್ಲನೇ ಹೊರತು ಅರಿಯಲಾರ. ಈ ಲೇಖನದಲ್ಲಿ ನಾನು ಹೇಳಹೊರಟದ್ದು ಇಷ್ಟೇ.

ಈಗ ರೂಢಿಯಲ್ಲಿರುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಮಾರುಕಟ್ಟೆಯ ಗೈಡುಗಳಲ್ಲಿ ಒಂದು ಕೋಷ್ಟಕವಿರುತ್ತದೆ. ಎಡಗಡೆ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಷನ್, ಹೈಪರ್ಬೊಲಿ, ಮೆಟಾನಮಿ ಎಂಬ ಹೆಸರುಗಳು. ಬಲಗಡೆ ಒಂದೊಂದಕ್ಕೂ ಎರಡು ಸಾಲಿನ ಲಕ್ಷಣ, ಒಂದು ಉದಾಹರಣೆ. 'ಲೈಕ್' ಅಥವಾ 'ಆ್ಯಸ್' ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್ ಎಂಬ ಸುಲಭೋಪಾಯವನ್ನು ಹುಡುಗರು ಕಲಿಯುತ್ತಾರೆ, ಎರಡು ಅಂಕ ಪಡೆಯುತ್ತಾರೆ, ಮರೆಯುತ್ತಾರೆ. ಪಕ್ಕದ ಕೊಠಡಿಯಲ್ಲಿ, ಅದೇ ದಿನ, ಮುಂದಿನ ಗಂಟೆಗೆ ನಾವು ಕನ್ನಡದವರು ಉಪಮೇಯ, ಉಪಮಾನ, ಸಾಧಾರಣಧರ್ಮ, ಉಪಮಾವಾಚಕ ಎಂದು ನಾಲ್ಕು ಅಂಗಗಳನ್ನು ಬರೆಯಿಸುತ್ತೇವೆ. ಅದಕ್ಕೂ ಎರಡು ಅಂಕ, ಅದಕ್ಕೂ ಮರೆವು. ಈ ಎರಡು ಕೊಠಡಿಗಳ ನಡುವೆ ಗೋಡೆಯೊಂದೇ ಅಡ್ಡ. ಅಲ್ಲಿ ಓದಿದ್ದೂ ಇಲ್ಲಿ ಓದಿದ್ದೂ ಒಂದೇ ವಿಷಯವೆಂಬುದನ್ನು ವಿದ್ಯಾರ್ಥಿಗೆ ಹೇಳುವವರಿಲ್ಲ. 1936ರಲ್ಲಿ ಐ. ಎ. ರಿಚರ್ಡ್ಸ್ ರೂಪಕದ ಎರಡು ಅಂಗಗಳಿಗೆ 'ಟೆನರ್', 'ವೆಹಿಕಲ್' ಎಂದು ಹೆಸರಿಟ್ಟಾಗ ಇಂಗ್ಲಿಷ್ ವಿಮರ್ಶೆಗೆ ಅದು ಹೊಸ ದಾರಿಯಾಯಿತು. ಅವು ಸ್ಥೂಲವಾಗಿ ನಮ್ಮ ಉಪಮೇಯ, ಉಪಮಾನಗಳೇ. ನಾವು ಹಿಂದೆಯೇ ಎಲ್ಲವನ್ನೂ ಹೇಳಿಬಿಟ್ಟಿದ್ದೆವೆಂದು ಬೀಗುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಕೈಯಲ್ಲಿರುವ ದೀಪವನ್ನು ಹೊತ್ತಿಸದೆ ಕತ್ತಲೆಯಲ್ಲಿ ತಡವುತ್ತಿದ್ದೇವಲ್ಲ ಎಂಬ ವ್ಯಸನದಿಂದ ಹೇಳುತ್ತಿದ್ದೇನೆ.

ಆ ದೀಪ ಯಾವುದು? ಅಲಂಕಾರಗಳ ಉದ್ದನೆಯ ಪಟ್ಟಿಯಂತೂ ಅಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಅಲಂಕಾರಗಳು ನಾಲ್ಕೇ ನಾಲ್ಕು: ಉಪಮೆ, ರೂಪಕ, ದೀಪಕ, ಯಮಕ. ಹದಿನಾರನೆಯ ಶತಮಾನದ ಅಪ್ಪಯ್ಯ ದೀಕ್ಷಿತನ ಕುವಲಯಾನಂದದ ಹೊತ್ತಿಗೆ ಅವು ನೂರನ್ನು ಮೀರಿದವು. ನಡುವೆ ಒಂಬತ್ತನೆಯ ಶತಮಾನದಲ್ಲಿ ನಮ್ಮ ಕವಿರಾಜಮಾರ್ಗವು ದಂಡಿಯ ದಾರಿಯನ್ನು ಹಿಡಿದು ಕನ್ನಡಕ್ಕೆ ಹೊಂದುವಂತೆ ಅಲಂಕಾರಗಳನ್ನು ವಿವರಿಸಿತು. ಪಟ್ಟಿ ಬೆಳೆದಷ್ಟೂ ತಿಳಿವಳಿಕೆ ಬೆಳೆಯುವುದೆಂಬ ನಿಯಮವಿಲ್ಲ. ವಿದ್ಯಾರ್ಥಿಗೆ ಪಟ್ಟಿಗಿಂತ ಉಪಕಾರಿಯಾದದ್ದು ಹನ್ನೊಂದನೆಯ ಶತಮಾನದ ಮಮ್ಮಟನು ಕಾವ್ಯಪ್ರಕಾಶದಲ್ಲಿ ಲಕ್ಷಣಾವೃತ್ತಿಗೆ ಹೇಳಿದ ಮೂರು ನಿಬಂಧನೆಗಳು. ಮೊದಲನೆಯದು ಮುಖ್ಯಾರ್ಥಬಾಧೆ: ಮಾತಿನ ನೇರ ಅರ್ಥ ಅಲ್ಲಿ ಹೊಂದದೆ ಹೋಗಬೇಕು. ಎರಡನೆಯದು ತದ್ಯೋಗ: ನೇರ ಅರ್ಥಕ್ಕೂ ಉದ್ದಿಷ್ಟ ಅರ್ಥಕ್ಕೂ ಏನಾದರೊಂದು ಸಂಬಂಧವಿರಬೇಕು. ಮೂರನೆಯದು ರೂಢಿ ಅಥವಾ ಪ್ರಯೋಜನ: ಹಾಗೆ ಸುತ್ತಿ ಹೇಳುವುದು ಬಳಕೆಯಿಂದ ನಿಂತಿರಬೇಕು, ಇಲ್ಲವೇ ಅದರಿಂದ ಒಂದು ವಿಶೇಷ ಲಾಭವಾಗಬೇಕು.

ಇದಕ್ಕೆ ಶಾಸ್ತ್ರಕಾರರು ಕೊಡುವ ಹಳೆಯ ಉದಾಹರಣೆ ಗಂಗೆಯಲ್ಲಿರುವ ಗೊಲ್ಲರ ಹಟ್ಟಿಯದು. ಹೊಳೆಯ ನೀರಿನ ಮೇಲೆ ಹಟ್ಟಿ ಇರಲಾರದು. ಆದ್ದರಿಂದ 'ಗಂಗೆ' ಎಂದರೆ ಗಂಗೆಯ ದಡವೆಂದು ತಿಳಿಯಬೇಕು. ದಡದಲ್ಲಿ ಎಂದು ನೇರವಾಗಿಯೇ ಹೇಳಬಹುದಿತ್ತಲ್ಲ? ಹಾಗೆ ಹೇಳಿದ್ದರೆ ಆ ಹಟ್ಟಿಯ ತಂಪೂ ಪಾವಿತ್ರ್ಯವೂ ಮಾತಿನಲ್ಲಿ ಬರುತ್ತಿರಲಿಲ್ಲ. ನಾನು ತರಗತಿಯಲ್ಲಿ ಗಂಗೆಯವರೆಗೆ ಹೋಗುವುದಿಲ್ಲ. ಜೋಯಿಡಾದ ಕಾಡಿನಿಂದ ಹೊರಟು ಸುಮಾರು 184 ಕಿಲೋಮೀಟರು ಹರಿದು ಬರುವ ಕಾಳಿ ನಮ್ಮ ಬಾಗಿಲಲ್ಲೇ ಇದೆ. "ನಮ್ಮ ಮನೆ ಹೊಳೆಯಲ್ಲೇ ಇದೆ ಸರ್," ಎಂದು ಕೋಡಿಬಾಗದ ಹುಡುಗನು ಹೇಳಿದಾಗ ಅವನ ಮನೆ ತೇಲುತ್ತಿದೆಯೆಂದು ಯಾರೂ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಅವನ ಅಂಗಳಕ್ಕೆ ಬರುವ ನೀರೂ ರಾತ್ರಿಯೆಲ್ಲ ಕೇಳುವ ಮೊರೆತವೂ ಆ ಒಂದು ಮಾತಿನಲ್ಲಿ ಬಂದುಬಿಡುತ್ತವೆ. ಇಷ್ಟನ್ನು ಅರಿತ ವಿದ್ಯಾರ್ಥಿಗೆ 'ಮೆಟಾನಮಿ' ಎಂಬ ಹೆಸರು ಆಮೇಲೆ ಬಂದರೂ ನಡೆಯುತ್ತದೆ. ಮೊದಲು ವಸ್ತು, ಆಮೇಲೆ ಹೆಸರು. ಮಗು ಮಾತು ಕಲಿಯುವುದೂ ಇದೇ ಕ್ರಮದಲ್ಲಿ.

ಹಾಗೆಯೇ 'ಸಿನೆಕ್ಡಕಿ' ಎಂಬ ಹೆಸರು ಕೇಳಿದರೇ ಹುಡುಗರು ಬೆವರುತ್ತಾರೆ. ಹಡಗಿನ ಆಳುಗಳನ್ನು ಇಂಗ್ಲಿಷರು 'ಹ್ಯಾಂಡ್ಸ್' ಎನ್ನುವುದೇಕೆ? ಹಡಗಿಗೆ ಬೇಕಾದದ್ದು ಅವರ ಕೈ. ನಮ್ಮ ಮನೆಗಳಲ್ಲಿ ಅಜ್ಜಿಯರು "ಉಣ್ಣುವ ಬಾಯಿ ಹೆಚ್ಚು, ದುಡಿಯುವ ಕೈ ಕಡಿಮೆ" ಎನ್ನುವುದಿಲ್ಲವೇ? ಒಂದೇ ಮಾತಿನಲ್ಲಿ ಆ ಅಲಂಕಾರವನ್ನು ಎರಡು ಸಲ ಪ್ರಯೋಗಿಸಿದ ಅಜ್ಜಿಗೆ ಅದರ ಹೆಸರು ಬೇಕಾಗಿರಲಿಲ್ಲ. ಇಲ್ಲವೆಂಬುದರ ಮೂಲಕ ಉಂಟೆಂಬುದನ್ನು ಹೇಳುವ 'ಲೈಟೋಟಿಸ್' ಕೂಡ ನಮಗೆ ಹೊಸದಲ್ಲ. "ಅವನೇನು ಕಡಿಮೆ ಅಲ್ಲ" ಎಂದು ನಾವು ದಿನವೂ ಹೇಳುತ್ತೇವೆ. ಅಮಂಗಲವನ್ನು ಮುಚ್ಚಿ ಹೇಳುವ 'ಯೂಫಮಿಸಮ್' ಅಂತೂ ನಮ್ಮ ಬದುಕಿನಲ್ಲಿ ನೆಲೆನಿಂತಿದೆ. ಸತ್ತವರನ್ನು ತೀರಿಕೊಂಡರು, ಕಾಲವಾದರು ಎನ್ನುತ್ತೇವೆ. ಮನೆಯಿಂದ ಹೊರಡುವಾಗ "ಹೋಗುತ್ತೇನೆ" ಎನ್ನದೆ "ಹೋಗಿ ಬರುತ್ತೇನೆ" ಎನ್ನುತ್ತೇವೆ.

ಇನ್ನು ಕಡಲಿನ ಮಾತಿಗೆ ಬರೋಣ. ಇಂಗ್ಲೆಂಡು ದ್ವೀಪವೊಂದರ ಭಾಗ, ಅಲ್ಲಿಯ ಜನ ಶತಮಾನಗಳ ಕಾಲ ಹಾಯಿ ಹಡಗುಗಳಲ್ಲಿ ಬದುಕಿದವರು. ಅವರ ದಿನಬಳಕೆಯ ಮಾತಿನಲ್ಲಿ ಉಪ್ಪುನೀರು ಬೆರೆತಿದೆ. ಒಂದು ಕೆಲಸದ ಒಳಹೊರಗನ್ನು ಬಲ್ಲವನನ್ನು ಅವರು ಹಗ್ಗಗಳನ್ನು ಬಲ್ಲವನೆನ್ನುತ್ತಾರೆ. ಹಾಯಿ ಹಡಗಿನಲ್ಲಿ ಯಾವ ಹಗ್ಗ ಯಾವ ಹಾಯಿಯದೆಂದು ಕತ್ತಲೆಯಲ್ಲಿಯೂ ತಿಳಿದಿರಬೇಕಾಗಿತ್ತು. ಕಷ್ಟದ ದಿನಗಳನ್ನು ಹೇಗೋ ನೂಕುವುದಕ್ಕೆ 'ಟೈಡ್ ಓವರ್' ಎನ್ನುತ್ತಾರೆ. ಗಾಳಿ ಬೀಸದಿದ್ದಾಗ ಉಬ್ಬರವಿಳಿತದ ಸೆಳೆತವನ್ನೇ ನಂಬಿ ಹಡಗು ಸಾಗಿಸುವುದು ಅದರ ಮೂಲ. ಬೆರಗಾಗುವುದಕ್ಕೆ 'ಟೇಕನ್ ಅಬ್ಯಾಕ್' ಎನ್ನುತ್ತಾರೆ. ಎದುರುಗಾಳಿ ಥಟ್ಟನೆ ಹಾಯಿಯನ್ನು ಕಂಬಕ್ಕೆ ಒತ್ತಿ ಹಡಗನ್ನು ತಡೆದು ನಿಲ್ಲಿಸುವ ಸ್ಥಿತಿ ಅದು. ಸಡಿಲಿಕೆಗೆ 'ಲೀವೇ' ಎನ್ನುತ್ತಾರೆ. ಗಾಳಿಯ ಒತ್ತಡಕ್ಕೆ ದೋಣಿ ಪಕ್ಕಕ್ಕೆ ಸರಿಯುವಷ್ಟು ದೂರವದು.

ಬಯಲುಸೀಮೆಯ ವಿದ್ಯಾರ್ಥಿಗೆ ಇವನ್ನೆಲ್ಲ ಚಿತ್ರ ಬರೆದು ವಿವರಿಸಬೇಕಾದೀತು. ಬೈತಖೋಲದ ಬಂದರನ್ನೂ ಬೇಲೆಕೇರಿಯ ತೀರವನ್ನೂ ನೋಡಿ ಬೆಳೆದ ಕಾರವಾರ, ಅಂಕೋಲೆಯ ಮಕ್ಕಳಿಗೆ ನೆನಪಿಸಿದರೆ ಸಾಕು. ಅವರು ರಂಪಣಿ ಬಲೆಯನ್ನು ಎಳೆಯುವವರ ಸಾಲಿನಲ್ಲಿ ನಿಂತಿದ್ದಾರೆ. ಯಾವ ಹಗ್ಗವನ್ನು ಯಾವಾಗ ಬಿಗಿಹಿಡಿಯಬೇಕು, ಯಾವಾಗ ಸಡಿಲಿಸಬೇಕು ಎಂಬುದನ್ನು ಹಿರಿಯರು ಬೈದು ಕಲಿಸಿದ್ದಾರೆ. ಈ ಮಾತುಗಳ ಮಟ್ಟಿಗೆ ನಮ್ಮ ಕರಾವಳಿಯ ಮೀನುಗಾರನ ಮಗ ದೊಡ್ಡ ಪಟ್ಟಣದ ಇಂಗ್ಲಿಷ್ ಶಾಲೆಯ ಹುಡುಗನಿಗಿಂತ ಇಂಗ್ಲಿಷಿಗೆ ಹತ್ತಿರದವನು. ಆದರೆ ಅದನ್ನು ಅವನಿಗೆ ಹೇಳಿದವರಿಲ್ಲ. ಅವನು ಮನೆಯಲ್ಲಿ ಕೊಂಕಣಿಯಾಡುತ್ತಾನೆ, ಶಾಲೆಯಲ್ಲಿ ಕನ್ನಡ ಓದುತ್ತಾನೆ, ಪೇಟೆಯಲ್ಲಿ ಮರಾಠಿ ಕೇಳುತ್ತಾನೆ. ಇಷ್ಟು ಭಾಷೆಗಳ ಒಡೆಯನಾದ ಅವನೇ ಇಂಗ್ಲಿಷ್ ತರಗತಿಯ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ತನ್ನ ಮನೆಯ ಮಾತಿಗೂ ಪುಸ್ತಕದ ಮಾತಿಗೂ ಸಂಬಂಧವಿಲ್ಲವೆಂದು ಅವನು ನಂಬಿದ್ದಾನೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನವನ್ನು ನಾನು ಕಂಡಿಲ್ಲ.

ಮತ್ತೆ ಆ 'ಹೈ ಅಂಡ್ ಡ್ರೈ'ಗೆ ಬರುತ್ತೇನೆ. ಅದನ್ನು ಕನ್ನಡಿಸುವುದು ಹೇಗೆ? ನಮ್ಮ ನಾಲಗೆಗೆ ತಾನಾಗಿ ಬರುವ ಮಾತು "ನಡುನೀರಿನಲ್ಲಿ ಕೈಬಿಟ್ಟ" ಎಂಬುದು. ಅರ್ಥ ಹೆಚ್ಚುಕಡಿಮೆ ಒಂದೇ, ಚಿತ್ರ ಮಾತ್ರ ತಲೆಕೆಳಗು. ಅವರ ನತದೃಷ್ಟನು ನೀರಿಲ್ಲದೆ ಕೆಟ್ಟ, ನಮ್ಮವನು ನೀರಿನಲ್ಲಿ ಕೆಟ್ಟ. ಹಡಗಿನವನಿಗೆ ನೆಲ ತಗುಲುವುದೇ ಭಯ, ನೆಲದವನಿಗೆ ನೆಲ ಬಿಡುವುದೇ ಭಯ. ಈ ಎರಡು ಭಯಗಳನ್ನು ಒಟ್ಟಿಗೆ ಇಟ್ಟು ತೋರಿಸಿದಾಗ ವಿದ್ಯಾರ್ಥಿಗೆ ಎರಡು ಭಾಷೆಗಳೂ ಒಮ್ಮೆಗೇ ಬೆಳಗುತ್ತವೆ. ಕೋಷ್ಟಕದಿಂದ ಇದು ಸಾಧ್ಯವಿಲ್ಲ.

ರೂಢಿಯಿಂದ ಸವೆದು ಅಲಂಕಾರವೆಂಬುದೇ ಮರೆತುಹೋದ ಮಾತುಗಳಂತೂ ಎರಡೂ ಕಡೆ ಅಸಂಖ್ಯ. ಮಮ್ಮಟನು ಕೊಡುವ ನಿದರ್ಶನ 'ಕುಶಲ' ಎಂಬ ಶಬ್ದ. ದರ್ಭೆಯನ್ನು ಕೈ ಕುಯ್ಯದಂತೆ ಕಿತ್ತು ತರುವವನು ಕುಶಲ. ಈಗ ಜಾಣರೆಲ್ಲ ಕುಶಲರೇ. ಬಾಚಣಿಗೆಗೆ ಹಲ್ಲು, ಸೂಜಿಗೆ ಕಣ್ಣು ನಮ್ಮಲ್ಲಿಯೂ ಉಂಟು, ಇಂಗ್ಲಿಷಿನಲ್ಲಿಯೂ ಉಂಟು. ನನ್ನ ವಿದ್ಯಾರ್ಥಿಗಳಿಗೆ ಬಹಳ ಮೆಚ್ಚಿಕೆಯಾದ ಜೋಡಿ ಇನ್ನೊಂದಿದೆ. 'ಕೂಲ' ಎಂದರೆ ದಡ. ದಡವನ್ನು ಅನುಸರಿಸಿ ಹೋಗುವುದು ಅನುಕೂಲ, ಅದಕ್ಕೆ ವಿರುದ್ಧವಾದದ್ದು ಪ್ರತಿಕೂಲ. ಇಂಗ್ಲಿಷಿನ 'ಆಪರ್ಚುನಿಟಿ'ಯ ಒಡಲಲ್ಲಿ ಲ್ಯಾಟಿನಿನ 'ಪೋರ್ಟುಸ್', ಎಂದರೆ ಬಂದರು, ಅಡಗಿದೆ. ಹಡಗನ್ನು ಬಂದರಿನ ಕಡೆಗೆ ತರುವ ಗಾಳಿ ಅದರ ಮೂಲಭಾವ. 'ಅರೈವ್' ಎಂದರೆ ಮೊದಲು ದಡ ಮುಟ್ಟುವುದೆಂದೇ ಅರ್ಥವಿತ್ತು. 'ರೈವಲ್' ಎಂದರೆ ಒಂದೇ ಹಳ್ಳದ ನೀರನ್ನು ಬಳಸುವ ನೆರೆಯವನು. ಪ್ರತಿಸ್ಪರ್ಧಿ ಎಂಬ ಅರ್ಥ ಆಮೇಲಿನದು. ಹೊಲಕ್ಕೆ ನೀರು ಬಿಡುವ ಸರದಿಗಾಗಿ ನಡೆಯುವ ಜಗಳಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲವೂ ಹೀಗೆ ಹೊಂದಿಕೊಳ್ಳುವುದೆಂದು ಹೇಳಿದರೆ ನಾನು ಓದುಗರನ್ನು ವಂಚಿಸಿದಂತಾದೀತು. ಹೊಂದದ ಕಡೆಗಳಲ್ಲಿಯೇ ನಿಜವಾದ ಪಾಠವಿದೆ. ಇಂಗ್ಲಿಷರ ಸ್ವಾಗತ ಬೆಚ್ಚಗಿರುತ್ತದೆ, ಅವರ ತಿರಸ್ಕಾರ ತಣ್ಣಗಿರುತ್ತದೆ. ಚಳಿಯ ದೇಶದಲ್ಲಿ ಬಿಸಿಯೇ ಪ್ರೀತಿ. ನಮ್ಮಲ್ಲಿ "ನಿನ್ನ ಹೊಟ್ಟೆ ತಣ್ಣಗಿರಲಿ" ಎಂಬುದು ಆಶೀರ್ವಾದ. ಹೊಟ್ಟೆಯುರಿ ಎಂಬುದು ಮತ್ಸರ. ಷೇಕ್ಸ್‌ಪಿಯರನು ತನ್ನ ಹದಿನೆಂಟನೆಯ ಸಾನೆಟ್ಟಿನಲ್ಲಿ ಪ್ರೀತಿಯ ವ್ಯಕ್ತಿಯನ್ನು ಬೇಸಗೆಯ ಹಗಲಿಗೆ ಹೋಲಿಸಲೇ ಎಂದು ಯೋಚಿಸುತ್ತಾನೆ. ಮೇ ತಿಂಗಳ ಮಧ್ಯಾಹ್ನ ಕಾರವಾರದ ಬಸ್ ನಿಲ್ದಾಣದಲ್ಲಿ ನಿಂತ ವಿದ್ಯಾರ್ಥಿಗೆ ಆ ಹೋಲಿಕೆ ಪ್ರಶಂಸೆಯಾಗಿ ತೋರುವುದೇ? ಗೂಬೆ ಅವರಿಗೆ ಜ್ಞಾನದ ಗುರುತು, ನಮಗೆ ಅಪಶಕುನ, ಬೈಗಳು. ಆನೆಯ ನಡೆ ನಮ್ಮ ಕವಿಗಳ ನಾಯಿಕೆಗೆ ಭೂಷಣ. ಇಂಗ್ಲಿಷ್ ನಾಯಿಕೆಯ ಮುಂದೆ ಆ ಮಾತನ್ನು ಆಡದಿರುವುದು ಕ್ಷೇಮ. ಬಿಳಿಯಾನೆಯೆಂದರೆ ಇಂಗ್ಲಿಷಿನಲ್ಲಿ ಮಾರಲಾಗದ, ಸಾಕಲಾಗದ ದಂಡದ ಸೊತ್ತು. ಸಯಾಮಿನ ದೊರೆ ತನಗಾಗದವರಿಗೆ ಬಿಳಿಯಾನೆಯನ್ನು ಉಡುಗೊರೆಯಾಗಿ ಕೊಟ್ಟು ಅದರ ಸಾಕಣೆಯಿಂದಲೇ ಅವರನ್ನು ಪಾಪರಾಗಿಸುತ್ತಿದ್ದನೆಂಬ ಕಥೆಯಿಂದ ಅದು ಬಂತು. ನಮಗೆ ಬಿಳಿಯಾನೆ ಐರಾವತ, ದೇವೇಂದ್ರನ ವಾಹನ. ಈ ಕಡೆಗಳಲ್ಲಿ ಮಮ್ಮಟನ ಎರಡನೆಯ ಪ್ರಶ್ನೆಯೇ ಮುಖ್ಯ: ಸಂಬಂಧ ಯಾವುದು, ಮತ್ತು ಅದು ಯಾರ ಬದುಕಿನಲ್ಲಿ ಕಂಡ ಸಂಬಂಧ? ಇದನ್ನು ಕೇಳಿಕೊಂಡ ವಿದ್ಯಾರ್ಥಿಗೆ ಇಂಗ್ಲಿಷರ ಹವೆ, ಅಡಿಗೆ, ಆಟ, ಧರ್ಮ ಎಲ್ಲವೂ ಕುತೂಹಲದ ವಿಷಯವಾಗುತ್ತವೆ. ಅಲಂಕಾರವು ಒಂದು ಜನಾಂಗದ ಮನೆಯೊಳಕ್ಕೆ ಕರೆದೊಯ್ಯುವ ಬಾಗಿಲಾಗುತ್ತದೆ.

ಉಪ್ಪಿನ ಮಾತನ್ನೇ ನೋಡಿ. ಗಾಯದ ಮೇಲೆ ಉಪ್ಪು ಸುರಿಯುವುದು ಎರಡು ಭಾಷೆಗಳಿಗೂ ಸಮಾನ. ಮತ್ತಾಯನ ಸುವಾರ್ತೆಯಿಂದ ಬಂದ 'ಸಾಲ್ಟ್ ಆಫ್ ದಿ ಅರ್ತ್' ಎಂದರೆ ಸಜ್ಜನರು. ನಮಗೆ ಉಪ್ಪು ಋಣದ ಗುರುತು. ಉಪ್ಪುಂಡ ಮನೆಗೆ ಎರಡು ಬಗೆಯಲಾಗದು. ಅಂಕೋಲೆಯವರಿಗೆ ಉಪ್ಪಿನ ಅರ್ಥ ಇನ್ನೂ ಒಂದು ಪದರು ಹೆಚ್ಚು. 1930ರಲ್ಲಿ ಅಂಕೋಲೆಯ ಕಡಲ ತಡಿಯಲ್ಲಿ ಜನ ಕಾನೂನು ಮುರಿದು ಉಪ್ಪು ಮಾಡಿದಾಗ ಅವರ ಕೈಯಲ್ಲಿದ್ದದ್ದು ಉಪ್ಪು, ಬೇಡಿದ್ದು ಸ್ವರಾಜ್ಯ. ಒಂದು ಹಿಡಿ ಉಪ್ಪು ಒಂದು ದೇಶದ ಹಕ್ಕಿಗೆ ಸಲ್ಲುವುದೆಂದರೆ ಅದಕ್ಕಿಂತ ದೊಡ್ಡ ಲಕ್ಷಣೆ ಯಾವುದು? ಆ ಮಾತನ್ನು ಆಳುವವರೂ ಅರ್ಥಮಾಡಿಕೊಂಡರು. ಇಲ್ಲವಾದರೆ ಒಂದು ಹಿಡಿ ಉಪ್ಪಿಗಾಗಿ ಜನರನ್ನು ಸೆರೆಗೆ ತಳ್ಳುತ್ತಿರಲಿಲ್ಲ. ಮುಂದೆ ಕರನಿರಾಕರಣೆಯಲ್ಲಿ ಇಲ್ಲಿಯ ರೈತರು ಹೊಲಮನೆಗಳನ್ನು ಕಳೆದುಕೊಂಡೂ ಬಾಗದೆ ನಿಂತಾಗ ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಬಿರುದು ಬಂತು. 1928ರಲ್ಲಿ ವಲ್ಲಭಭಾಯಿ ಪಟೇಲರ ಮುಂದಾಳುತನದಲ್ಲಿ ಕರ ಕೊಡಲೊಲ್ಲದೆ ಗೆದ್ದ ಗುಜರಾತದ ಬಾರ್ಡೋಲಿಯ ಹೆಸರು ಧೈರ್ಯಕ್ಕೇ ಹೆಸರಾಯಿತು. ಹೀಗೆ ವಿಶೇಷನಾಮವೊಂದು ಗುಣಕ್ಕೆ ಸಲ್ಲುವುದಕ್ಕೆ ಇಂಗ್ಲಿಷ್ ಅಲಂಕಾರಶಾಸ್ತ್ರದಲ್ಲಿ 'ಆಂಟೊನೊಮೇಸಿಯಾ' ಎನ್ನುತ್ತಾರೆ. ಆ ಉಚ್ಚಾರಕ್ಕೆ ಅಂಕೋಲೆಯ ವಿದ್ಯಾರ್ಥಿ ಹೆದರಬೇಕಾಗಿಲ್ಲ; ಅವನ ಊರೇ ಅದರ ಉದಾಹರಣೆ.

ಅಲಂಕಾರಗಳು ಸತ್ತ ವಸ್ತುಗಳಲ್ಲವೆಂಬುದಕ್ಕೆ ಇತ್ತೀಚಿನ ಒಂದು ಪ್ರಸಂಗವನ್ನು ಹೇಳಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಕೋಡಿಬಾಗವನ್ನೂ ಸದಾಶಿವಗಡವನ್ನೂ ಕೂಡಿಸುವ ಕಾಳಿಯ ಹಳೆಯ ಸೇತುವೆ ಕುಸಿಯಿತು. ಅದು ನಾಲ್ಕು ದಶಕಗಳಷ್ಟು ಹಳೆಯದು. ಅದರೊಡನೆ ಒಂದು ಲಾರಿಯೂ ಹೊಳೆಗೆ ಬಿತ್ತು. ಚಾಲಕನನ್ನು ಜೀವಸಹಿತ ಮೇಲೆತ್ತಿದರು. ಕೆಲವು ವಾರಗಳ ಮೇಲೆ ತರಗತಿಯಲ್ಲಿ ಇಂಗ್ಲಿಷಿನ ಒಂದು ನುಡಿಗಟ್ಟು ಬಂತು. ಮುಂದಿನ ತೊಂದರೆಯನ್ನು ಈಗಲೇ ತಲೆಗೆ ಹಚ್ಚಿಕೊಳ್ಳಬೇಡ ಎಂಬುದಕ್ಕೆ, ಸೇತುವೆಯ ಬಳಿಗೆ ಹೋದಾಗ ಸೇತುವೆ ದಾಟಿದರಾಯಿತು ಎನ್ನುತ್ತಾರೆ ಅವರು. ನಾನು ಅರ್ಥ ಹೇಳಿ ಮುಗಿಸುವಷ್ಟರಲ್ಲಿ ಸದಾಶಿವಗಡದ ಕಡೆಯಿಂದ ಬರುವ ಹುಡುಗಿಯೊಬ್ಬಳು, "ನಾವು ಹತ್ರ ಹೋಗೂವರೆಗೆ ಅದು ಇರ್ಬೇಕಲ್ಲ ಸರ್," ಎಂದಳು. ಯಾರೂ ನಗಲಿಲ್ಲ. ಪರಭಾಷೆಯ ಸವಕಲು ನುಡಿಗಟ್ಟೊಂದು ಆ ಕ್ಷಣದಲ್ಲಿ ಕಾಳಿಯ ದಡದಲ್ಲಿ ಮತ್ತೆ ಜೀವ ತಾಳಿತು. ಆ ಹುಡುಗಿ ಅದನ್ನು ಅರ್ಥಮಾಡಿಕೊಂಡದ್ದಷ್ಟೇ ಅಲ್ಲ, ಅದಕ್ಕೆ ಉತ್ತರವನ್ನೂ ಕೊಟ್ಟಳು. ಭಾಷೆ ಬಂತೆಂದರೆ ಹೀಗೆ.

ಈ ಪ್ರಶ್ನೆಯ ಇನ್ನೊಂದು ಮುಖ ಕನ್ನಡಕ್ಕೆ ಸಂಬಂಧಿಸಿದ್ದು. ಇಂಗ್ಲಿಷ್ ಅಲಂಕಾರವನ್ನು ಅರಿಯದೆ ಅದರ ಪದಗಳನ್ನು ಮಾತ್ರ ಕನ್ನಡಿಸುವ ಚಾಳಿ ನಮ್ಮ ಬರವಣಿಗೆಯಲ್ಲಿ ಬೆಳೆದಿದೆ. ವಿಷಯದ ಮೇಲೆ ಬೆಳಕು ಚೆಲ್ಲುತ್ತೇವೆ, ಯೋಜನೆಗೆ ಹಸಿರು ನಿಶಾನೆ ತೋರುತ್ತೇವೆ, ಹಿಮವನ್ನೇ ಕಾಣದ ಊರಿನಲ್ಲಿ ನೀರ್ಗಲ್ಲಿನ ತುದಿಯನ್ನು ಮಾತ್ರ ನೋಡಿದ್ದೇವೆಂದು ಬರೆಯುತ್ತೇವೆ. ಎಲ್ಲವನ್ನೂ ಹೊರಗಟ್ಟಬೇಕೆಂಬ ಮಡಿವಂತ ನಾನಲ್ಲ. ಹಸಿರು ನಿಶಾನೆ ರೈಲಿನೊಡನೆ ಬಂತು, ರೈಲು ನಮ್ಮದಾದಂತೆ ಅದೂ ನಮ್ಮದಾಯಿತು. ಬೇರು ಬಿಟ್ಟದ್ದು ಉಳಿಯಲಿ. ಆದರೆ ಇಂಗ್ಲಿಷಿನಿಂದ ತರುವುದು ಹೇಗೆಂಬುದಕ್ಕೆ ನಮ್ಮಲ್ಲಿಯೇ ಮೇಲ್ಪಂಕ್ತಿಯಿದೆ. 1926ರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಪದಕ್ಕೆ ಪದವನ್ನು ತೂಗಿ ಕೊಡಲಿಲ್ಲ. ಆ ಭಾವ ಕನ್ನಡದ ಬಾಯಲ್ಲಿ ಹೇಗೆ ನುಡಿದೀತೆಂದು ಕಿವಿಗೊಟ್ಟು ಕೇಳಿದರು. ಹೊಸಗನ್ನಡ ಕಾವ್ಯಕ್ಕೆ ಅದರಿಂದಾದ ಉಪಕಾರ ಎಲ್ಲರೂ ಬಲ್ಲದ್ದು. ಮೂಲದ ಅಲಂಕಾರವನ್ನು ಒಳಗಿನಿಂದ ಬಲ್ಲವನು ಮಾತ್ರ ಅದನ್ನು ಬಿಟ್ಟುಕೊಡುವ ಧೈರ್ಯ ಮಾಡಬಲ್ಲ.

ಪರೀಕ್ಷೆಯಲ್ಲಿ ಹೆಸರನ್ನೇ ಕೇಳುತ್ತಾರೆ, ದೋಣಿಯ ಕಥೆಗೆ ಅಂಕವಿಲ್ಲ ಎಂದು ನನ್ನ ಸಹೋದ್ಯೋಗಿ ಮಿತ್ರರು ಆಕ್ಷೇಪಿಸುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಹೆಸರು ಬೇಡವೆಂದು ನಾನು ಹೇಳುವುದಿಲ್ಲ, ಹೆಸರಿಲ್ಲದೆ ಶಾಸ್ತ್ರವಿಲ್ಲ. ಕಂಡ ವಸ್ತುವಿನ ಹೆಸರು ಮರೆಯುವುದು ಕಷ್ಟ, ಕಾಣದ ವಸ್ತುವಿನ ಹೆಸರು ನೆನಪಿರುವುದು ಕಷ್ಟ ಎಂಬುದಷ್ಟೇ ನನ್ನ ಉತ್ತರ. ಇನ್ನೊಂದು ಆಕ್ಷೇಪವೂ ಉಂಟು. ಹಾಯಿಗಳು ಹೋಗಿ ಯಂತ್ರದ ದೋಣಿಗಳು ಬಂದಿವೆ. ನಾಳೆಯ ಮಕ್ಕಳಿಗೆ ಈ ಅನುಭವವೂ ಇರಲಾರದು ಎನ್ನುತ್ತಾರೆ. ಅದೂ ನಿಜ. ಹಾಗಾದರೆ ಹಾಯಿ ಬಿಚ್ಚಿದ, ಹುಟ್ಟು ಹಾಕಿದ ಅಜ್ಜಂದಿರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.

ನನ್ನ ಸೂಚನೆ ದೊಡ್ಡದಲ್ಲ. ವರ್ಷಕ್ಕೆ ನಾಲ್ಕಾರು ಗಂಟೆಗಳಾದರೂ ಇಂಗ್ಲಿಷ್ ಅಧ್ಯಾಪಕರೂ ಕನ್ನಡ ಅಧ್ಯಾಪಕರೂ ಒಂದೇ ತರಗತಿಯಲ್ಲಿ ಕೂಡಿ ಅಲಂಕಾರದ ಪಾಠ ಮಾಡಲಿ. ನೇರ ಅರ್ಥ ಎಲ್ಲಿ ತಪ್ಪುತ್ತದೆ, ಸಂಬಂಧ ಯಾವುದು, ಹೀಗೆ ಹೇಳಿದ್ದರಿಂದ ಬಂದ ಲಾಭವೇನು ಎಂಬ ಮೂರು ಪ್ರಶ್ನೆಗಳು ಕರಿಹಲಗೆಯ ಮೇಲಿರಲಿ. ಪ್ರತಿಯೊಂದು ಇಂಗ್ಲಿಷ್ ಅಲಂಕಾರಕ್ಕೂ ವಿದ್ಯಾರ್ಥಿ ತನ್ನ ಮನೆಯ ಒಂದು ಮಾತನ್ನು ತರಲಿ; ಕನ್ನಡವಾದರೂ ಸರಿ, ಕೊಂಕಣಿಯಾದರೂ ಸರಿ, ಹಾಲಕ್ಕಿ ಒಕ್ಕಲಿಗರ ನುಡಿಯಾದರೂ ಸರಿ. ಅದು ಸರಿಹೊಂದಿದರೆ ಸಂತೋಷ, ಹೊಂದದಿದ್ದರೆ ಏಕೆ ಹೊಂದಲಿಲ್ಲವೆಂಬುದೇ ಅಂದಿನ ಪಾಠ. ಇದಕ್ಕೆ ಹಣ ಬೇಕಾಗಿಲ್ಲ, ಸರಕಾರದ ಆಜ್ಞೆಯೂ ಬೇಕಾಗಿಲ್ಲ. ನಡುಗೋಡೆಯ ಆಚೆಗೆ ನಾಲ್ಕು ಹೆಜ್ಜೆ ನಡೆದರೆ ಸಾಕು.

ಆ ಹುಡುಗನ ಉತ್ತರಪತ್ರಿಕೆಗೆ ನಾನು ಕೊನೆಗೆ ಎಷ್ಟು ಅಂಕ ಕೊಟ್ಟೆನೆಂದು ಕೆಲವರಿಗೆ ಕುತೂಹಲವಾದೀತು. ಬರೆದದ್ದು ತಪ್ಪೇ ಆದ್ದರಿಂದ ಆ ವಾಕ್ಯಕ್ಕೆ ಅಂಕ ಕೊಡಲಿಲ್ಲ. ಮುಂದಿನ ವಾರ ಅವನು ಹಾಳೆಯನ್ನು ತಿದ್ದಿ ತಂದ. "ಯಜಮಾನನು ಅವರನ್ನು ನಡುನೀರಿನಲ್ಲಿ ಕೈಬಿಟ್ಟಿದ್ದನು" ಎಂದು ಬರೆದು ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ, "ಇಂಗ್ಲಿಷಿನಲ್ಲಿ ಇವರು ಮರಳಿನ ಮೇಲಿದ್ದಾರೆ, ನೀರು ಏರಿದರೆ ದೋಣಿ ಹೊರಡಬಹುದು" ಎಂದು ಸೇರಿಸಿದ್ದ. ನನ್ನ ಕನ್ನಡದ ನುಡಿಗಟ್ಟಿನಲ್ಲಿ ಆ ಕುಟುಂಬಕ್ಕೆ ಇಲ್ಲದ ಆಸೆಯೊಂದು ಇಂಗ್ಲಿಷ್ನುಡಿಗಟ್ಟಿನಲ್ಲಿ ಉಳಿದಿದೆಯೆಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಕೋಡಿಬಾಗದ ಆ ಹುಡುಗ ಅದನ್ನು ನನಗೆ ಕಲಿಸಿದ.